ನಾವು ನೀಟ್ ಬರೀತಿದ್ದೀವಿ

ಬೆಳಿಗ್ಗೆ ಆರೂಕಾಲಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮ ಬೀದಿಯವರೊಬ್ಬರು ಸಿಕ್ಕರು. ವಯಸ್ಸು ಐವತ್ತೆರಡು. ಬಿಪಿ ಇದೆ, ಮಂಡಿನೋವಿದೆ, ಬ್ಯಾಂಕಿನಲ್ಲಿ ಕೆಲಸವೂ ಇದೆ. "ಏನ್ ಸಾರ್, ಕಾಣಿಸ್ತಾನೇ ಇಲ್ವಲ್ಲ?" ಅಂದೆ. ಅವರು ನಿಂತು, ಸೊಂಟದ ಮೇಲೆ ಕೈಯಿಟ್ಟು, ಉಸಿರು ಬಿಟ್ಟು ಹೇಳಿದರು: "ಎಲ್ಲಿ ಸಾರ್ ಪುರುಸೊತ್ತು? ಈ ವರ್ಷ ನಾವು ನೀಟ್ ಬರೀತಿದ್ದೀವಿ."

ನಾನು ನಗಲಿಲ್ಲ. ಅವರದು ಡಾಕ್ಟರ್ ಸೀಟಿನ ಪರೀಕ್ಷೆ, ನಮ್ಮ ಮನೆಯಲ್ಲಿ ನಾವು ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಬರೀತಿದ್ದೆವು.

ಮೈಸೂರಿನಲ್ಲಿ ಮಗು ಸೆಕೆಂಡ್ ಪಿಯುಗೆ ಕಾಲಿಟ್ಟ ಕೂಡಲೇ ಕನ್ನಡ ವ್ಯಾಕರಣ ಬದಲಾಗುತ್ತದೆ. ಅವನು, ಅವಳು ಎರಡೂ ಮಾಯ. ಉಳಿಯುವುದು ನಾವು ಮಾತ್ರ. "ನಮಗೆ ಫಿಸಿಕ್ಸ್ ಪರವಾಗಿಲ್ಲ, ಆರ್ಗ್ಯಾನಿಕ್ ಕೆಮಿಸ್ಟ್ರಿನೇ ಕೈ ಕೊಡ್ತಿರೋದು" ಎಂದು ತರಕಾರಿ ಗಾಡಿ ಮುಂದೆ ನಿಂತು ಹೇಳುವ ತಾಯಿ ಓದಿದ್ದು ಬಿಕಾಂ. "ನಾವು ಒಂದು ವರ್ಷ ಡ್ರಾಪ್ ತಗೊಂಡಿದ್ದೀವಿ" ಎನ್ನುವ ಅಪ್ಪ ಆಫೀಸಿಗೆ ಒಂದು ದಿನ ರಜೆ ಹಾಕಿದವರಲ್ಲ.

ಈ ವ್ಯಾಕರಣಕ್ಕೂ ನಿಯಮ ಇದೆ. ಅಂಕ ಚೆನ್ನಾಗಿ ಬಂದರೆ ಉತ್ತಮ ಪುರುಷ: "ನಾವು ಬಹಳ ಕಷ್ಟಪಟ್ವಿ." ಸುಮಾರಾಗಿ ಬಂದರೆ ಪ್ರಥಮ ಪುರುಷ: "ಅವನಿಗೆ ಎಷ್ಟು ಹೇಳಿದ್ರೂ ಅಷ್ಟೇ." ತೀರಾ ಕೈಕೊಟ್ಟರೆ ಮಧ್ಯಮ ಪುರುಷ. ಇದನ್ನು ಗಂಡ ಹೆಂಡತಿ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು ಬಳಸುತ್ತಾರೆ: "ನೋಡಿದ್ಯಾ ನಿನ್ನ ಮಗನ್ನ?"

ಪಿಯು ಶುರುವಾದಾಗ ಕಾಲೇಜಿನವರು ಪೋಷಕರ ಸಭೆ ಕರೆದಿದ್ದರು. ಯಾವ ಕಾಲೇಜು ಅಂತ ಕೇಳಬೇಡಿ, ಎಲ್ಲಾ ಕಡೆ ಇದೇ ಸಭೆ. ಎರಡು ಗಂಟೆ ಒಂದೇ ವಿಷಯ: ಮಕ್ಕಳ ಮೇಲೆ ಒತ್ತಡ ಹಾಕಬೇಡಿ. ನಾವೆಲ್ಲ ನೋಟ್‌ಬುಕ್ಕಿನಲ್ಲಿ "ಒತ್ತಡ ಹಾಕಬಾರದು" ಎಂದು ಬರೆದು ಕೆಳಗೆ ಗೆರೆ ಎಳೆದುಕೊಂಡೆವು. ಹೊರಗೆ ಬಾಗಿಲಲ್ಲಿ ಎರಡನೇ ಕಂತಿನ ಚಲನ್ ಕೊಟ್ಟರು. ಅವತ್ತು ರಾತ್ರಿ ಮಗಳು ಊಟದ ತಟ್ಟೆ ಮುಂದೆ ಸುಮ್ನೆ ಕೂತಿದ್ದಳು. ನಾನು ಕಿರುಚಿದೆ: "ಟೆನ್ಷನ್ ತಗೋಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ!"

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 1 ನಿಮಿಷ 20 ಸೆಕೆಂಡು. ಈ ಲೆಕ್ಕ ನನ್ನ ಹೆಂಡತಿಗೆ ತಿಳಿದ ದಿನದಿಂದ ನಮ್ಮ ಮನೆಯಲ್ಲಿ ಒಂದು ದೋಸೆಗೂ ಅಷ್ಟೇ ಸಮಯ. ನೆಗೆಟಿವ್ ಅಂಕ ಸಿಇಟಿಗಿಲ್ಲ, ನೀಟ್‌ಗಿದೆ. ಅಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು ಸಿಗುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ಹಾಗಾಗಿ ನೀಟ್‌ನಲ್ಲಿ ಗೊತ್ತಿಲ್ಲದ್ದನ್ನು ಬಿಡಬೇಕು, ಸಿಇಟಿಯಲ್ಲಿ ಗೊತ್ತಿಲ್ಲದಿದ್ದರೂ ಗುಂಡಗೆ ಮಸಿ ತುಂಬಿ ಬರಬೇಕು. ನಾವು ಅಪ್ಪಂದಿರು ಮಕ್ಕಳಿಗೆ ಬುದ್ಧಿ ಹೇಳುವುದು ಸಿಇಟಿ ಪದ್ಧತಿಯಲ್ಲಿ.

ದೇವರ ವಿಷಯದಲ್ಲಿ ಮಾತ್ರ ನೀಟ್ ಪದ್ಧತಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ತಾಯಂದಿರು ಒಂದು ಮೆಟ್ಟಿಲು ತಪ್ಪಿತೇನೋ ಎಂದು ಅನುಮಾನ ಬಂದರೆ ವಾಪಸ್ ಇಳಿದು ಹಚ್ಚಿ ಬರುತ್ತಾರೆ. ಯಾಕೆ ಸುಮ್ನೆ ಮೈನಸ್ ಒಂದು?

ನೀಟ್ ದಿನ ಪರೀಕ್ಷೆ ಮಧ್ಯಾಹ್ನ 2ಕ್ಕೆ. ಗೇಟು 1.30ಕ್ಕೇ ಬಂದ್. ಒಳಗೆ ಶೂ ಇಲ್ಲ, ಉದ್ದ ತೋಳಿಲ್ಲ, ಓಲೆ ಇಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಅಪ್ಪ ಅಮ್ಮಂದಿರ ಇನ್ನೊಂದು ಪರೀಕ್ಷೆ. ಒಬ್ಬರ ಕೈಯಲ್ಲಿ ಫ್ಲಾಸ್ಕು, ಇನ್ನೊಬ್ಬರ ಕೈಯಲ್ಲಿ ಮಗಳ ಓಲೆ. ಮಗು ಹೊರಗೆ ಬಂದ ಕೂಡಲೇ ಮೊದಲ ಪ್ರಶ್ನೆ "ನೀರು ಕುಡೀತೀಯಾ" ಅಲ್ಲ. "ಎಷ್ಟು ಅಟೆಂಡ್ ಮಾಡಿದ್ವಿ?"

ಫಲಿತಾಂಶ ಬಂದ ಮೇಲೆ ಊರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಏಳುತ್ತವೆ. ಒಂದೇ ಮಗುವಿನ ಮುಖ ಎರಡು ಕೋಚಿಂಗ್ ಸೆಂಟರಿನ ಫ್ಲೆಕ್ಸಿನಲ್ಲಿ ನಗುತ್ತಿರುತ್ತದೆ. ಆಮೇಲೆ ಬರುತ್ತದೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನಿನಲ್ಲಿ ಒಂದರ ಕೆಳಗೊಂದು ತುಂಬುವುದು. ಇದು ಸಂಪೂರ್ಣ ಅಪ್ಪಂದಿರ ಸಾಮ್ರಾಜ್ಯ. ಮಕ್ಕಳಿಗೆ ಇಲ್ಲಿ ಪ್ರವೇಶವಿಲ್ಲ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ಎರಡು ಅರ್ಧ ಸೇರಿದರೆ ಪೂರ್ತಿ ಆಯಿತಲ್ವಾ? ಮಗುವಿನ ಇಷ್ಟಕ್ಕೆ ಜಾಗ ಎಲ್ಲಿದೆ? ಕೆರೆ ಏರಿಯ ಮೇಲೆ ಆ ಬ್ಯಾಂಕಿನವರು ಹತ್ತು ಜನರನ್ನು ಸುತ್ತ ನಿಲ್ಲಿಸಿಕೊಂಡು ಪ್ರವಚನ ಮಾಡುತ್ತಿದ್ದರು. "ಸೀಟು ಸಿಕ್ಕ ಮೇಲೆ ಚಾಯ್ಸ್ ಒಂದು ಅಂದ್ರೆ, ಒಪ್ಕೊಂಡು ಹೋಗಿ ಸೇರೋದು. ಎರಡು ಅಂದ್ರೆ, ಇದು ಇರ್ಲಿ, ಇದಕ್ಕಿಂತ ಒಳ್ಳೇದು ಬಂದ್ರೆ ನೋಡೋಣ. ಮೂರು ಅಂದ್ರೆ, ಇದು ಬೇಡ, ಮುಂದಿನ ಸುತ್ತಿಗೆ ಕರೀರಿ. ನಾಲ್ಕು ಅಂದ್ರೆ, ಆಟದಿಂದ ಆಚೆ." ನಮ್ಮ ಕಡೆ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಬಂದು ಕೊಡುತ್ತಿದ್ದ ಉತ್ತರಗಳೂ ಇವೇ ನಾಲ್ಕು. ಅವರು ಎರಡನೆಯದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಇಷ್ಟಾದ ಮೇಲೆ ನಾನು ಆ ಬ್ಯಾಂಕಿನವರ ಮಗನನ್ನೇ ಕೇಳಿದೆ, "ಮುಂದೆ ಏನು ಓದಬೇಕು ಅಂತಿದ್ದೀಯಪ್ಪಾ?" ಅವನು ನಿಜವಾಗಿಯೂ ಯೋಚಿಸಿದ. "ಗೊತ್ತಿಲ್ಲ ಅಂಕಲ್. ಓಟಿಪಿ ಅಪ್ಪನ ಫೋನಿಗೆ ಬರುತ್ತೆ."

ಇದೆಲ್ಲ ಮೈಸೂರಿನ ಪಟ್ಟಣದವರ ಹುಚ್ಚು ಅಂತ ನಾನು ಅಂದುಕೊಂಡಿದ್ದೆ. ಮಂಡ್ಯದ ನನ್ನ ಭಾವ ಆ ಅಭಿಪ್ರಾಯ ಸುಳ್ಳು ಮಾಡಿದರು.

ಭಾವನದು ವಿಶ್ವೇಶ್ವರಯ್ಯ ನಾಲೆ ಬಯಲಿನ ಮೂರು ಎಕರೆ. ಭತ್ತ, ಕಬ್ಬು, ಒಂದಿಷ್ಟು ರಾಗಿ. ಮಗ ಎಂಟನೇ ಕ್ಲಾಸಿನಿಂದ ಮೈಸೂರಿನ ಹಾಸ್ಟೆಲ್ಲಿನಲ್ಲಿ. ಡಾಕ್ಟರ್ ಮಾಡುವ ಆಸೆ. ರಜೆಗೆ ಊರಿಗೆ ಬಂದ ಹುಡುಗ ಗದ್ದೆ ಕಡೆ ಹೊರಟರೆ ನನ್ನಕ್ಕ ಅಡ್ಡ ನಿಲ್ಲುತ್ತಿದ್ದಳು: "ಕೆಸರು ತುಳಿದ್ರೆ ಮಾರ್ಕ್ಸ್ ಬತ್ತದಾ? ಕೂತ್ಕೊಂಡು ಓದ್ಲಾ." ಐದು ವರ್ಷ ಹುಡುಗ ಮಣ್ಣು ಮುಟ್ಟಲಿಲ್ಲ. ನೀಟ್ ಕೈಕೊಟ್ಟಿತು. ಪುಣ್ಯಕ್ಕೆ ಸಿಇಟಿಯನ್ನೂ ಬರೆದಿದ್ದ. ಸರಿ, ಬಿಎಸ್ಸಿ ಅಗ್ರಿ ಮಾಡಲಿ, ವಿ.ಸಿ. ಫಾರ್ಮ್ ಕೃಷಿ ಕಾಲೇಜು ಮನೆ ಹತ್ತಿರವೇ ಇದೆ ಎಂದು ತೀರ್ಮಾನವಾಯಿತು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಆದರೆ ಆ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಬೆಳೆ, ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ.

ಅಂದರೆ, ಭಾವನ ಮಗ ರೈತನ ಮಗ ಎಂದು ಸಾಬೀತು ಮಾಡಬೇಕು. ಪಹಣಿ ಸಾಲದು, ರಾಗಿ ಯಾವುದು ಅಂತ ಗೊತ್ತಿರಬೇಕು.

ಭಾವ ಏನು ಮಾಡಿದರು ಹೇಳಿ? ಹುಡುಗನನ್ನು ಗದ್ದೆಗೆ ಕರೆದುಕೊಂಡು ಹೋಗಲಿಲ್ಲ. ಮೈಸೂರಿನಲ್ಲಿ ಇದಕ್ಕೂ ಒಂದು ಕ್ರ್ಯಾಶ್ ಕೋರ್ಸ್ ಹುಡುಕಿ ಸೇರಿಸಿದರು. ಕಬ್ಬು ಮಾರಿದ ದುಡ್ಡು ಕಟ್ಟಿ, ಕಬ್ಬು ಅಂದರೆ ಏನು ಅಂತ ಮಗನಿಗೆ ಕಲಿಸಲು ಪಟ್ಟಣಕ್ಕೆ ಕಳಿಸಿದರು. ಅಲ್ಲಿ ಮೇಷ್ಟ್ರು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಾಳು ತುಂಬಿ ನಂಬರ್ ಹಾಕಿದ್ದರಂತೆ. ಏಳನೇ ನಂಬರ್ ರಾಗಿ. ಎಂಟು ಸಾಸಿವೆ. "ಇವೆರಡರಲ್ಲಿ ಕನ್ಫ್ಯೂಸ್ ಆಗಬೇಡಿ, ಪ್ರತಿ ವರ್ಷ ಮಕ್ಕಳು ಇಲ್ಲೇ ಎಡವೋದು." ಹುಡುಗ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ. ಎರಡು ಹೊತ್ತು ಮುದ್ದೆ ಉಣ್ಣುವ ಭಾವ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಚೆನ್ನಾಗ್ ಹೇಳ್ಕೊಡ್ತಾರೆ" ಅಂದರು.

ಪರೀಕ್ಷೆಯ ಹಿಂದಿನ ದಿನ ಅಜ್ಜಿ ಜಗಲಿಯ ಮೇಲೆ ಮೊರ ಹಿಡಿದು ಕೂತಿತ್ತು. ಮೊಮ್ಮಗನನ್ನು ಕರೆದು ಒಂದು ಹಿಡಿ ರಾಗಿ ಅಂಗೈಗೆ ಹಾಕಿತು.

"ಇದ್ಯಾವ್ದು ಹೇಳ್ಲಾ?"

ಹುಡುಗ ಕಣ್ಣು ಮುಚ್ಚಿ ಕವರಿನ ನಂಬರು ನೆನಪು ಮಾಡಿಕೊಂಡ. "ಫಿಂಗರ್ ಮಿಲೆಟ್."

ಅಜ್ಜಿ ಅಂಗೈ ನೋಡಿತು, ಮೊಮ್ಮಗನ ಮುಖ ನೋಡಿತು, ಮೊರ ಕೆಳಗಿಟ್ಟಿತು. "ಅಂಥಾದ್ನ ನಮ್ಮ ಹೊಲ್ದಲ್ಲಿ ಯಾರ್ಲಾ ಬಿತ್ತವ್ರೆ?"

ಆಮೇಲೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಬೀಜ ಬಿತ್ತುವ ಕೂರಿಗೆ ತೋರಿಸಿದರೆ ಹುಡುಗ ಸಂಶೋಧಕನಂತೆ ಸುತ್ತಲೂ ನಡೆದು ನೋಡಿದ. ಭಾವನಿಗೆ ಬೇಜಾರಾಯಿತು. ಮಗನ ಮೇಲಲ್ಲ. "ಫೀಸ್ ಪೂರ್ತಿ ಇಸ್ಕೊಂಡು ಕೂರಿಗೆ ಪಾಠ ಬಿಟ್ಟವ್ರೆ ನೋಡಿ" ಎಂದು ನನಗೆ ಫೋನ್ ಮಾಡಿದರು.

ಇಂಥ ಹೊತ್ತಿನಲ್ಲಿ ನನಗೆ ನಮ್ಮೂರಿನ ಆರ್.ಕೆ. ನಾರಾಯಣ್ ನೆನಪಾಗುತ್ತಾರೆ. ಅಪ್ಪ ಮಹಾರಾಜ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲ್. ಒಂದು ವರ್ಷ ಮನೆಯಲ್ಲಿದ್ದು ಸಿಕ್ಕಿದ್ದನ್ನೆಲ್ಲ ಓದಿದರು, ಕೆರೆ ಕಡೆ ತಿರುಗಾಡಿದರು. ಆಮೇಲೆ ಮಹಾರಾಜ ಕಾಲೇಜು ಸೇರಿ 1930ರಲ್ಲಿ ಬಿಎ ಮುಗಿಸಿದರು. ಈಗಾಗಿದ್ದರೆ ಆ ಹೆಡ್‌ಮಾಸ್ಟರನ್ನು ಕೆರೆ ಏರಿಯ ಮೇಲೆ ನಾವೇ ನಿಲ್ಲಿಸಿಕೊಳ್ಳುತ್ತಿದ್ದೆವು: "ಸಾರ್, ನಿಮ್ಮದು ಫೇಲ್ ಆಯ್ತಂತೆ? ಲಾಂಗ್ ಟರ್ಮ್ ಬ್ಯಾಚಿಗೆ ಹಾಕಿ. ಮೊದಲು ಆ ಕತೆ ಪುಸ್ತಕ ಎಲ್ಲ ಕಿತ್ಕೊಳ್ಳಿ." ಯಾದವಗಿರಿಯ ಅವರ ಮನೆ ಈಗ ಸ್ಮಾರಕ. ನಾನು ಮಗಳನ್ನು ಕರೆದುಕೊಂಡು ಹೋಗೋಣ ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಭಾನುವಾರ ಟೆಸ್ಟ್ ಇರುತ್ತದೆ.

ನಮ್ಮ ವಿಷಯಕ್ಕೆ ಬಂದರೆ, ನಮಗೆ ಮಂಡ್ಯದ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಮೈಸೂರಿನಿಂದ ಸುಮಾರು 45 ಕಿಲೋಮೀಟರು. ಸಾವಿರಾರು ಜನ ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ನಾವು ಮಾತ್ರ ಅಮೆರಿಕಕ್ಕೆ ಕಳಿಸುವವರ ಹಾಗೆ ಎರಡು ಸೂಟ್‌ಕೇಸ್, ಹಾಸಿಗೆ, ಬಕೆಟ್ಟು, ಪುಳಿಯೋಗರೆ ಗೊಜ್ಜು, ಮೂರು ಥರ ಚಟ್ನಿಪುಡಿ ಕಟ್ಟಿದೆವು. ಆಗ ಹೊಳೆಯಿತು. ಇಂಟಿಗ್ರೇಶನ್ ಲೆಕ್ಕವನ್ನು ನೀರು ಕುಡಿದ ಹಾಗೆ ಮಾಡುವ ಹುಡುಗಿ ಒಬ್ಬಳೇ ರೈಲು ಹತ್ತಿಲ್ಲ. ಬ್ಯಾಂಕಿನ ಚಲನ್ ಬರೆದಿಲ್ಲ. ಅನ್ನ ಆಗಿದೆಯೋ ಇಲ್ಲವೋ ನೋಡಿದವಳಲ್ಲ. ಎರಡು ವರ್ಷ ತಟ್ಟೆಯನ್ನೂ ಅವಳ ಮೇಜಿನಿಂದ ನಾವೇ ಎತ್ತಿದ್ದೇವೆ.

ಸರಿ, ಕಾಲೇಜಿಗೆ ತಯಾರು ಮಾಡೋಣ ಎಂದು ಅವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. "ಟಿಕೆಟ್ ತಗೊಳ್ಳೋದು ಕಲಿ. ಮೊದಲು ಕ್ಯೂನಲ್ಲಿ ನಿಲ್ಲಬೇಕು, ಚಿಲ್ಲರೆ ಕೈಯಲ್ಲಿರಬೇಕು" ಎನ್ನುತ್ತಾ ನಾನೇ ಕ್ಯೂನಲ್ಲಿ ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಅವಳು ಪಕ್ಕಕ್ಕೆ ಬಂದು ಫೋನ್ ತೋರಿಸಿದಳು. ಮೂರು ಟಿಕೆಟ್, ಮೈಸೂರು ಟು ಮಂಡ್ಯ. ಆಪ್ ಹಾಕಿಕೊಂಡಿದ್ದಳು. ಓಟಿಪಿ ಅವಳ ಫೋನಿಗೇ ಬಂದಿತ್ತು. ನನಗೆ ಒಂಥರಾ ಆಯಿತು.

ಮಂಡ್ಯದಲ್ಲಿ ಕಾಲೇಜಿನ ಕೌಂಟರ್ ಮುಂದೆ ಜನವೋ ಜನ. ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಮೂರು ಜನ ಜೊತೆಗಾರರು. ಮಗಳು "ಹಾಸ್ಟೆಲ್ ನೋಡ್ಕೊಂಡು ಬರ್ತೀನಿ" ಎಂದು ಹೋದಳು. ನಾನು ಫಾರಂ ತುಂಬಿ, ಎರಡು ಸಲ ಓದಿ, ಒಳಗೆ ಕೊಟ್ಟೆ. ಗುಮಾಸ್ತರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. ವಿದ್ಯಾರ್ಥಿಯ ಸಹಿ ಎಂದಿದ್ದ ಜಾಗದಲ್ಲಿ ನಾನು ಸಹಿ ಹಾಕಿದ್ದೆ. ಅಭ್ಯಾಸಬಲ.

"ಸೇರ್ತಾ ಇರೋದು ಯಾರು ಸಾರ್?"

"ನಾವೇ" ಅಂದೆವು ನಾನೂ ನನ್ನ ಹೆಂಡತಿಯೂ, ಒಂದೇ ಉಸಿರಿಗೆ.

ಅವರು ಹೊಸ ಫಾರಂ ಎಳೆದುಕೊಂಡು ಪೆನ್ನಿನ ಕ್ಯಾಪ್ ತೆಗೆದರು.

"ಹಂಗಾರೆ ಹಾಸ್ಟೆಲ್ ಯಾವ್ದು ಬರ್ಕೊಳ್ಳಿ ಸಾರ್? ಬಾಯ್ಸಾ, ಗರ್ಲ್ಸಾ?"