ಹನ್ನೊಂದು ಗಂಟೆ ಹತ್ತು ನಿಮಿಷ

ಮರೆವಿನ ಕಾಯಿಲೆ ಇದೆಯೋ ಇಲ್ಲವೋ ಎಂದು ನೋಡಲು ವೈದ್ಯರ ಬಳಿ ಒಂದು ಅಗ್ಗದ ಪರೀಕ್ಷೆ ಇದೆ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್, ಅಷ್ಟೇ. 'ಗಡಿಯಾರ ಬರೀರಿ, ಅಂಕಿಗಳನ್ನೆಲ್ಲ ಹಾಕಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ' ಅನ್ನುತ್ತಾರೆ. ಆ ಹೊತ್ತನ್ನೇ ಕೇಳುವುದರಲ್ಲಿ ಒಂದು ಗುಟ್ಟಿದೆ. ಹತ್ತು ನಿಮಿಷ ಅಂದರೆ ದೊಡ್ಡ ಮುಳ್ಳು ಎರಡರ ಮೇಲೆ ನಿಲ್ಲಬೇಕು. ಮೆದುಳಿನ ಮುಂಭಾಗ ಸೊರಗಿದವರು 'ಹತ್ತು' ಎಂಬ ಸದ್ದು ಕಿವಿಗೆ ಬಿದ್ದದ್ದೇ ತಡ, ಮುಳ್ಳನ್ನು ಒಯ್ದು ಹತ್ತರ ಮೇಲೆಯೇ ಕೂರಿಸುತ್ತಾರೆ. ಪದಕ್ಕೆ ಅಂಟಿಕೊಂಡರು, ಅರ್ಥದ ತನಕ ಹೋಗಲಿಲ್ಲ ಎಂದು ವೈದ್ಯರು ಬರೆದುಕೊಳ್ಳುತ್ತಾರೆ.

ಇದೇ ಹಾಳೆ, ಇದೇ ಪೆನ್ಸಿಲನ್ನು ಒಮ್ಮೆ ಸರ್ಕಾರದ ಕೈಗೂ ಕೊಟ್ಟು ನೋಡಬೇಕು. (ಹೊತ್ತು ಅದಕ್ಕೆ ಹೊಸದೇನಲ್ಲ. ಹತ್ತು ಗಂಟೆಯ ಕಚೇರಿಗೆ ಸಾಹೇಬರು ಬರುವುದೇ ಹನ್ನೊಂದು ಹತ್ತಕ್ಕೆ.) 'ಮೆದುಳು' ಎಂಬ ಪದ ಕಿವಿಗೆ ಬಿದ್ದರೆ ಸರ್ಕಾರ ಬರೆಯುವ ಗಡಿಯಾರದಲ್ಲಿ ಎರಡು ಮುಳ್ಳಿರುತ್ತವೆ. ದುಡ್ಡು ಬಿಚ್ಚಬೇಕಾದಾಗ ಓಡುವ ಮುಳ್ಳು ಗಂಟೆಗಳನ್ನು ಎಣಿಸುತ್ತದೆ. ಕಾಗದ ಕೊಡಬೇಕಾದಾಗ ಓಡುವುದು, ಅಂದರೆ ತೆವಳುವುದು, ವರ್ಷಗಳನ್ನು ಎಣಿಸುತ್ತದೆ.

ಗಂಟೆಯ ಮುಳ್ಳಿನಿಂದಲೇ ಶುರು ಮಾಡೋಣ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವನ ಮೇಲೆ ಮೊದಮೊದಲು ಸರ್ಕಾರಕ್ಕೆ ಎಲ್ಲಿಲ್ಲದ ಅಕ್ಕರೆ. 2016ರಲ್ಲಿ ರಾಜ್ಯ ತಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಎತ್ತಿಟ್ಟಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯ ಕೈ ಇನ್ನೂ ದೊಡ್ಡದು: ಒಂದೂವರೆ ಲಕ್ಷದವರೆಗೆ, ಅಪಘಾತದ ದಿನದಿಂದ ಏಳು ದಿನ. ಗಾಯಾಳುವನ್ನು 'ಗೋಲ್ಡನ್ ಅವರ್' ಒಳಗೆ, ಅಂದರೆ ಮೊದಲ ಒಂದು ಗಂಟೆಯೊಳಗೆ, ಆಸ್ಪತ್ರೆ ಮುಟ್ಟಿಸಿದ ದಾರಿಹೋಕನಿಗೆ 'ರಾಹ್‌ವೀರ್' ಎಂಬ ಬಿರುದು, ಜೊತೆಗೆ 25,000 ಬಹುಮಾನ. ಇದಾವುದನ್ನೂ ಹಳಿಯುವ ಹಾಗಿಲ್ಲ, ಮೊದಲ ಗಂಟೆಯ ದುಡ್ಡಿಗೆ ಜೀವ ಉಳಿಸುವ ಶಕ್ತಿ ಇದೆ. ತಕರಾರು ಇರುವುದು ಮೆದುಳಿನದೇ. ಏಳು ದಿನದಲ್ಲಿ ವಾಸಿಯಾಗತಕ್ಕದ್ದು ಎಂಬ ಸುತ್ತೋಲೆ ಅದಕ್ಕಿನ್ನೂ ತಲುಪಿಲ್ಲ.

ಏಳನೆಯ ದಿನ ರೋಗಿ ಎಲ್ಲಿರುತ್ತಾನೆ ನೋಡಿ. ಪ್ರಜ್ಞೆ ಅಳೆಯುವ ಗ್ಲಾಸ್ಗೊ ಕೋಮಾ ಸ್ಕೇಲಿನಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ಏನೂ ಮಾಡದೆ ಮಲಗಿದ್ದರೂ 3 ಸಿಗುತ್ತದೆ, ಒಂಥರಾ ಕೃಪಾಂಕ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರ. ಅಂಥವರಲ್ಲಿ ಮೆದುಳು ಊದಿಕೊಂಡಾಗ, ಒತ್ತಡ ತಗ್ಗಲೆಂದು ತಲೆಬುರುಡೆಯ ಒಂದು ತುಂಡನ್ನೇ ಕೊಯ್ದು ತೆಗೆಯುವುದುಂಟು. ಆ ತುಂಡು ಕೆಡಬಾರದಲ್ಲ, ಎಷ್ಟೋ ಸಲ ಅದನ್ನು ರೋಗಿಯದೇ ಹೊಟ್ಟೆಯ ಚರ್ಮದಡಿ ಜೇಬು ಮಾಡಿ ಹೊಲಿದಿಡುತ್ತಾರೆ. ವಾರಗಳೋ ತಿಂಗಳುಗಳೋ ಕಳೆದು ಊತ ಇಳಿದ ಮೇಲೆ ಅದನ್ನು ಹೊರತೆಗೆದು ಮತ್ತೆ ತಲೆಗೆ ಕೂರಿಸಬೇಕು. ಅಂದರೆ ಯೋಜನೆ ಕೈತೊಳೆದುಕೊಂಡು ಎದ್ದು ಹೋಗುವ ದಿನ ಫಲಾನುಭವಿಯ ತಲೆಯ ಒಂದು ಭಾಗ ಅವನ ಹೊಟ್ಟೆಯಲ್ಲಿ ಠೇವಣಿಯಾಗಿ ಕೂತಿರುತ್ತದೆ.

ಮುಂದಿನದ್ದಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, ಹೆಚ್ಚೆಂದರೆ ಒಂದೂವರೆ ಲಕ್ಷ. ಬುರುಡೆ ತೆರೆಯಲು ಅದರಲ್ಲಿ ಪ್ಯಾಕೇಜ್ ಉಂಟು. ಬುರುಡೆ ಮುಚ್ಚಿಸಿಕೊಂಡು ಮನೆಗೆ ಬಂದವನನ್ನು ನೋಡಿಕೊಳ್ಳಲು ಇಲ್ಲ, ಯಾಕೆಂದರೆ ಯೋಜನೆಯ ಕಣ್ಣಿಗೆ ಕಾಣುವುದು ಒಳರೋಗಿ ಮಾತ್ರ. 'ಸ್ಟೇಬಲ್' ಎಂದು ಬರೆದ ಡಿಸ್‌ಚಾರ್ಜ್ ಸಮ್ಮರಿ ಹಿಡಿದು ಬಂದವನ ದಿನಚರಿ ಇದು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ ಹನ್ನೆರಡು ಸಲ ಅಂದರೆ ರಾತ್ರಿ ಹನ್ನೆರಡಕ್ಕೂ ಎರಡಕ್ಕೂ ನಾಲ್ಕಕ್ಕೂ ಏಳಬೇಕು. ನಿದ್ದೆ ಹತ್ತಿ ತಪ್ಪಿತೋ, ಸೊಂಟದ ಹಿಂದಿನ ಮೂಳೆಯ ಮೇಲೆ ಚರ್ಮ ಕೆಂಪಾಗುತ್ತದೆ. ಆ ಕೆಂಪು ಬೆರಳಲ್ಲಿ ಒತ್ತಿದರೂ ಬಿಳಿಚದಿದ್ದರೆ ಬೆಡ್ ಸೋರ್ ಶುರುವಾಯಿತೆಂದೇ ಲೆಕ್ಕ. ಮೂಗಿನ ಕೊಳವೆಯಲ್ಲಿ ಗಂಜಿ ಬಿಡುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಬೇಕು, ಬಿಟ್ಟಾದ ಮೇಲೂ ಅರ್ಧ ಗಂಟೆಯಾದರೂ ಇಳಿಸಬಾರದು. ಅವಸರಕ್ಕೆ ಚಪ್ಪಟೆ ಮಲಗಿಸಿದರೆ ಗಂಜಿ ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ಆಗುತ್ತದೆ. ಬೆರಳು, ಮೊಣಕಾಲು, ಪಾದದ ಕೀಲುಗಳನ್ನು ದಿನಾ ಆಡಿಸದಿದ್ದರೆ ಕೆಲವೇ ವಾರಗಳಲ್ಲಿ ಮಡಚಿಕೊಂಡು ಬಿಗಿದುಬಿಡುತ್ತವೆ. ಇಷ್ಟನ್ನೂ ಮಾಡುವವಳು ಸಾಮಾನ್ಯವಾಗಿ ಹೆಂಡತಿ, ಇಲ್ಲವೇ ತಾಯಿ. ಅವನನ್ನು ಒಂದು ಗಂಟೆ ಹೊತ್ತು ತಂದವನು ವೀರ. ಇಪ್ಪತ್ತು ವರ್ಷ ಹೊರುವವಳಿಗೆ ಯಾವ ಬಿರುದು ಎಂಬ ಕಡತ ಇನ್ನೂ ತೆರೆದಿಲ್ಲ.

ಇದಕ್ಕಿಂತ ಪೇಚಿನದು ಎದ್ದು ಓಡಾಡುವ ರೋಗಿಯ ಕಥೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವನು ನಡೆಯುತ್ತಾನೆ, ಉಣ್ಣುತ್ತಾನೆ, ಬಂದವರನ್ನು ನಗುತ್ತಾ ಮಾತಾಡಿಸುತ್ತಾನೆ. ಆದರೆ ಗ್ಯಾಸ್ ಹಚ್ಚಿಟ್ಟು ಮರೆಯುತ್ತಾನೆ, ಸಣ್ಣ ಮಾತಿಗೆ ಕೈಯೆತ್ತುತ್ತಾನೆ, ಕೈಗೆ ಬಂದ ದುಡ್ಡನ್ನು ಸಂಜೆಯೊಳಗೆ ಉಡಾಯಿಸುತ್ತಾನೆ. ತನಗೇನೂ ಆಗಿಲ್ಲವೆಂದು ಪ್ರಾಮಾಣಿಕವಾಗಿ ನಂಬಿರುತ್ತಾನೆ ಕೂಡ, ಅದೂ ಪೆಟ್ಟಿನದೇ ಲಕ್ಷಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ತಲೆಪೆಟ್ಟು ಎಂಬ ಹೆಸರಿಲ್ಲ, ಡಿಮೆನ್ಷಿಯಾ (ಅದೇ, ಮರೆವಿನ ಕಾಯಿಲೆ) ಎಂಬ ಹೆಸರೂ ಇಲ್ಲ. ಸ್ವಂತ ಮನೆಯಿಲ್ಲದ ಈ ಇಬ್ಬರೂ ಬೇರೆಯವರ ಕಾಲಂನಲ್ಲಿ ಬಾಡಿಗೆಗೆ ಇರಬೇಕು. ಕೈಕಾಲು ಸೋತಿದ್ದರೆ ಒಂದು ಕಾಲಂ, ಮಾತು ಹೋಗಿದ್ದರೆ ಇನ್ನೊಂದು, ಎಲ್ಲ ಸರಿಯಿದ್ದೂ ಮನುಷ್ಯನೇ ಬೇರೆಯಾಗಿದ್ದರೆ ಮಾನಸಿಕ ಕಾಯಿಲೆಯ ಕಾಲಂ. ಅಲ್ಲಿಗೆ ತಲುಪುವ ಮೊದಲೇ ಕೌಂಟರಿನಲ್ಲಿ 'ಕೈಕಾಲು ಗಟ್ಟಿ ಇದೆಯಲ್ರೀ' ಎಂಬ ಪ್ರಮಾಣಪತ್ರ ಬಾಯಿಮಾತಿನಲ್ಲಿ, ಉಚಿತವಾಗಿ ಸಿಗುತ್ತದೆ.

ಇನ್ನು ವರ್ಷದ ಮುಳ್ಳು. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ಖಜಾನೆಗೆ ಮಾಡಿದಷ್ಟು ಉಳಿತಾಯವನ್ನು ಯಾವ ಆರ್ಥಿಕ ತಜ್ಞನೂ ಮಾಡಿಕೊಟ್ಟಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಆಗುವಂಥದ್ದು ಅಂದುಬಿಟ್ಟರೆ ಅದಕ್ಕೆ ಲೆಕ್ಕಶೀರ್ಷಿಕೆಯೇ ಬೇಡ. ಆದರೆ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಂದಾಜಿನ ಪ್ರಕಾರ ಡಿಮೆನ್ಷಿಯಾ ಇರುವುದು 60 ದಾಟಿದವರಲ್ಲಿ ಶೇ 7.4 ಮಂದಿಗೆ, ಸುಮಾರು 88 ಲಕ್ಷ ಜನರಿಗೆ. ಉಳಿದ ತೊಂಬತ್ತೆರಡು ಚಿಲ್ಲರೆ ಮಂದಿ ನೆಟ್ಟಗಿದ್ದಾರೆ. ಹಾಗಾಗಿ ಇದು ವಯಸ್ಸಲ್ಲ, ಕಾಯಿಲೆ.

ಈ ಕಾಯಿಲೆಯ ವೈಕಲ್ಯವನ್ನು 'ಐಡಿಯಾಸ್' ಎಂಬ ಮಾಪಕದಲ್ಲಿ ಅಳೆಯುತ್ತಾರೆ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಅದರ ಮೇಲೆ ಕಾಯಿಲೆಯ ಸೇವಾ ಹಿರಿತನಕ್ಕೆ ಪ್ರತ್ಯೇಕ ಅಂಕ: ಎರಡು ವರ್ಷದೊಳಗಿದ್ದರೆ 1, ಎರಡರಿಂದ ಐದಕ್ಕೆ 2, ಆರರಿಂದ ಹತ್ತಕ್ಕೆ 3, ಹತ್ತು ದಾಟಿದರೆ 4. ಒಟ್ಟು 7 ಬಂದರೆ ಸೌಲಭ್ಯಕ್ಕೆ ಬೇಕಾದ ಶೇ 40ರ ಗಡಿ ಮುಟ್ಟಿದಿರಿ, 20 ಬಂದರೆ ಶೇ 100. ಹರೆಯದಲ್ಲಿ ಶುರುವಾಗಿ ದಶಕಗಟ್ಟಲೆ ಉಳಿಯುವ ಕಾಯಿಲೆಗಳಿಗೆ ಈ ಲೆಕ್ಕ ಒಪ್ಪುತ್ತದೆ. ಈಗ ಬೇಗ ಕುಸಿದ ಒಬ್ಬ ಅಜ್ಜಿಯನ್ನು ತಗೊಳ್ಳಿ. ಕಾಯಿಲೆ ಶುರುವಾಗಿ ಒಂದೂವರೆ ವರ್ಷ. ಸ್ನಾನ, ಊಟ, ಸೀರೆ, ಶೌಚ ಯಾವುದೂ ಸ್ವಂತ ಆಗದು, ಮಗನ ಗುರುತಿಲ್ಲ, ಮಾತಿಲ್ಲ. ನಾಲ್ಕು ನಾಲ್ಕಲಿ ಹದಿನಾರು, ಹಿರಿತನಕ್ಕೆ ಒಂದು, ಹದಿನೇಳು. ಪೂರ್ಣಾಂಕಕ್ಕೆ ಮೂರು ಕಡಿಮೆ. ಅದನ್ನು ಗಳಿಸಲು ಅಜ್ಜಿ ಹತ್ತು ವರ್ಷ ಪೂರೈಸಿ ಬರಬೇಕು. ರೋಗ ಪತ್ತೆಯಾದ ಮೇಲೆ ಹೆಚ್ಚಿನವರಿಗೆ ನಾಲ್ಕರಿಂದ ಎಂಟು ವರ್ಷದ ಆಯುಷ್ಯ ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಬಡ್ತಿಗೆ ಮೊದಲೇ ನಿವೃತ್ತಿ.

ವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿಯಾದರೂ ಸಲೀಸೇ? ಆಧಾರ್ ಸಂಖ್ಯೆ ಹಾಕಿದ ಕೂಡಲೇ ಒಟಿಪಿ ಹೊರಡುತ್ತದೆ. ನಿನ್ನೆ ಮಧ್ಯಾಹ್ನ ಉಂಡದ್ದು ನೆನಪಿಲ್ಲ ಎಂಬುದನ್ನು ಸಾಬೀತು ಮಾಡಲು ಬಂದ ಮನುಷ್ಯ ಆರು ಅಂಕಿಗಳನ್ನು ನಿಮಿಷಗಳೊಳಗೆ ಒಪ್ಪಿಸಬೇಕು. ಸಿಮ್ ಯಾವ ಡಬ್ಬಿಯಲ್ಲಿದೆ ಎಂಬುದು ಅವರಿಗೊಬ್ಬರಿಗೇ ಗೊತ್ತಿತ್ತು. ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರ. ಬೆರಳಚ್ಚು ಸವೆದವರಿಗೆಂದು ಮುಖ ತೋರಿಸುವ ಆ್ಯಪ್ ಇದೆ, ಕಣ್ಣು ಮಿಟುಕಿಸಿದರೆ ಬದುಕಿದ್ದೀರಿ ಎಂದರ್ಥ.

'ಅಪ್ಪಾ, ಇಲ್ಲಿ ನೋಡು. ಕಣ್ಣು ಮಿಟುಕ್ಸು.'

'ಯಾಕಮ್ಮ? ನೀನು ಯಾರ ಮನೆಯವಳು?'

ಆ್ಯಪ್ ಮತ್ತೆ ಪ್ರಯತ್ನಿಸಿ ಅನ್ನುತ್ತದೆ. ಅಪ್ಪ ಮೊಬೈಲನ್ನೇ ದಿಟ್ಟಿಸಿ ನೋಡುತ್ತಾರೆ, ಎವೆಯಿಕ್ಕದೆ.

ಬುದ್ಧಿವಂತ ಮಕ್ಕಳು ಇದನ್ನೆಲ್ಲ ಮೊದಲೇ ಊಹಿಸಿ, ಅಪ್ಪ ನೆಟ್ಟಗಿದ್ದಾಗಲೇ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಟ್ಟುಕೊಂಡಿರುತ್ತಾರೆ. 1872ರ ಕರಾರು ಕಾಯ್ದೆಯ 201ನೇ ಕಲಮನ್ನು ಅವರು ಓದಿರುವುದಿಲ್ಲ. ಅಧಿಕಾರ ಕೊಟ್ಟವನ ಬುದ್ಧಿ ಸ್ಥಿಮಿತ ತಪ್ಪಿದರೆ ಕೊಟ್ಟ ಅಧಿಕಾರವೂ ಸತ್ತಂತೆ ಎನ್ನುತ್ತದೆ ಅದು. ಮಳೆ ಬಂದ ಕೂಡಲೇ ಮುಚ್ಚಿಕೊಳ್ಳುವ ಕೊಡೆ. ಹಾಗಾದರೆ ಪಾಲಕರನ್ನು ನೇಮಿಸಿಕೊಳ್ಳೋಣವೇ? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಪಾಲಕರನ್ನು ಕೊಡುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯದವರಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನಾಮಿನಿಯಾದವರು ಚಿಕಿತ್ಸೆಯ ಮಾತು ಆಡಬಹುದು, ಬ್ಯಾಂಕಿನದಲ್ಲ. ಕೊನೆಗೆ ಅಪ್ಪನ ದುಡ್ಡಲ್ಲಿ ಅಪ್ಪನಿಗೇ ಡೈಪರ್ ತರಲು ಹೈಕೋರ್ಟಿಗೆ ರಿಟ್ ಹಾಕುವ ದಾರಿ ಉಳಿಯುತ್ತದೆ.

ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಶುರುಮಾಡಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ದೇಶದಲ್ಲಿ ಅಪರೂಪದ್ದು. ಅದರಿಂದ ಜಿಲ್ಲಾ ಆಸ್ಪತ್ರೆಗಳಲ್ಲೂ ಮೆದುಳಿನ ಆರೋಗ್ಯ ಕ್ಲಿನಿಕ್ ಬಂದವು, ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಡಿಮೆನ್ಷಿಯಾ ನಾಲ್ಕನ್ನೂ ನೋಡುತ್ತಾರೆ. ಮೊದಲು ಕಾಯಿಲೆ ಇದೆಯೆಂದೇ ತಿಳಿಯುತ್ತಿರಲಿಲ್ಲ. ಈಗ ಖಚಿತವಾಗಿ ತಿಳಿಯುತ್ತದೆ, ಚೀಟಿಯೂ ಸಿಗುತ್ತದೆ. ಚೀಟಿಯಲ್ಲಿ ಮರೆವಿನ ಮಾತ್ರೆ ಡೊನೆಪೆಜಿಲ್ 5 ಮಿಲಿಗ್ರಾಂ, ರಾತ್ರಿ. ವೈದ್ಯರು ಬಾಯಲ್ಲಿ ಹೇಳುವುದು ಬೇರೆ: ಬಚ್ಚಲ ಬಾಗಿಲಿನ ಒಳಚಿಲಕ ತೆಗೆಸಿ, ಗ್ಯಾಸ್ ರೆಗ್ಯುಲೇಟರ್ ಬಂದ್ ಇಡಿ, ಜೇಬಲ್ಲಿ ಫೋನ್ ನಂಬರಿನ ಚೀಟಿ ಹೊಲಿದುಬಿಡಿ, ಒಂಟಿಯಾಗಿ ಬಿಡಬೇಡಿ. ಮೊದಲ ಮೂರಕ್ಕೆ ಸ್ಕ್ರೂಡ್ರೈವರು ಮತ್ತು ಸೂಜಿದಾರ ಸಾಕು. ನಾಲ್ಕನೆಯದಕ್ಕೆ ಒಬ್ಬರು ಕೆಲಸ ಬಿಟ್ಟು ಕೂರಬೇಕು. ಆ ಒಬ್ಬರನ್ನು ಒಳರೋಗಿಗಳ ಯಾವ ಪ್ಯಾಕೇಜೂ ಕಾಣದು. ಕೂರುವವರಿಲ್ಲದೆ ಅಜ್ಜ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಆಗ ಯೋಜನೆ ಥಟ್ಟನೆ ಎಚ್ಚರಗೊಳ್ಳುತ್ತದೆ. ಮೂಳೆಗೆ ಪ್ಯಾಕೇಜ್, ಹಾಸಿಗೆಗೆ ಪ್ಯಾಕೇಜ್. ಬಿದ್ದರೆ ಲಕ್ಷದಲ್ಲಿ ಮಾತು, ಬೀಳದಂತೆ ನೋಡಿಕೊಂಡರೆ ಮಾತೇ ಇಲ್ಲ.

ಮಾತು, ನಡಿಗೆ, ದಿನದ ಕೆಲಸ ಮತ್ತೆ ಕಲಿಸುವ ಥೆರಪಿಸ್ಟ್ ಸಿಕ್ಕಿದರೆ ಅದು ಅದೃಷ್ಟ. ಗುತ್ತಿಗೆ ಹುದ್ದೆಯ ಆಯುಷ್ಯ ಹನ್ನೊಂದು ತಿಂಗಳು. ತಲೆಪೆಟ್ಟಾದ ಹುಡುಗ ಹತ್ತು ತಿಂಗಳು ಪಾಡುಪಟ್ಟು ಆಕೆಯ ಹೆಸರು ನೆನಪಿಟ್ಟುಕೊಳ್ಳುವ ಹೊತ್ತಿಗೆ ಆಕೆಯ ಜಾಗದಲ್ಲಿ ಖಾಲಿ ಕುರ್ಚಿ. ಮರೆವಿನ ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇದೆ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದು: 93, 86, 79, 72, 65. ಎಷ್ಟೋ ಜನ ತಡವರಿಸುವ ಈ ಲೆಕ್ಕದಲ್ಲಿ ಹಣಕಾಸು ಇಲಾಖೆ ಮಾತ್ರ ಎಂದೂ ತಡವರಿಸಿದ್ದಿಲ್ಲ. ಪರಿಷ್ಕೃತ ಅಂದಾಜು ಬರುವ ಹೊತ್ತಿಗೆ ಇನ್ನೂ ಕೆಳಗೆ ಎಣಿಸಿರುತ್ತದೆ.

ಸೆಪ್ಟೆಂಬರ್ 21 ವಿಶ್ವ ಅಲ್ಜೀಮರ್ಸ್ ದಿನ. ಆರೈಕೆ ಮಾಡುವವರಿಗೆ ಅರಿವು ಮೂಡಿಸುವ ಕಾರ್ಯಕ್ರಮವೊಂದನ್ನು ಊಹಿಸಿಕೊಳ್ಳಿ, ಕಷ್ಟವೇನಿಲ್ಲ. ಹತ್ತು ಗಂಟೆಗೆ ಆರಂಭ ಎಂದು ಕರೆಯೋಲೆ. ಇನ್ನೂರು ಕುರ್ಚಿ, ಇನ್ನೂರು ಉಪ್ಪಿಟ್ಟು ಕೇಸರಿಭಾತ್. ಮುಂದಿನ ಎರಡು ಸಾಲಿನಲ್ಲಿ ನರ್ಸಿಂಗ್ ಕಾಲೇಜಿನ ಹುಡುಗಿಯರು, ಹಿಂದೆ ಇಲಾಖೆಯ ಚಾಲಕರು. ಆರೈಕೆ ಮಾಡುವವರು ಒಬ್ಬರೂ ಬಂದಿಲ್ಲ. ಬಂದರೆ ಅಪ್ಪನನ್ನು, ಅತ್ತೆಯನ್ನು, ಗಂಡನನ್ನು ಯಾರ ಕೈಯಲ್ಲಿ ಬಿಡುವುದು? 'ಸಾರ್ವಜನಿಕರಲ್ಲಿ ಅರಿವಿನ ಕೊರತೆ ಕಂಡುಬಂದಿದ್ದು, ಮುಂದಿನ ಸಾಲಿನಲ್ಲಿ ಪ್ರಚಾರಕ್ಕೆ ಹೆಚ್ಚಿನ ಅನುದಾನ ಕೋರಿದೆ' ಎಂಬ ವರದಿಯ ಕರಡು ವೇದಿಕೆಯ ಮೇಲೆಯೇ ಸಿದ್ಧವಾಗುತ್ತದೆ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ತೆರೆದ ಸದ್ದು. ದೀಪ ಹಚ್ಚಲು ಮುಖ್ಯ ಅತಿಥಿಗಳು ಬಂದರು. ಗೋಡೆಯ ಗಡಿಯಾರದಲ್ಲಿ ಚಿಕ್ಕ ಮುಳ್ಳು ಹನ್ನೊಂದರ ಹತ್ತಿರ, ದೊಡ್ಡದು ಸರಿಯಾಗಿ ಎರಡರ ಮೇಲೆ.