ಸ್ಪಷ್ಟನೆ: ಸೈನಿಕರಿಗೆ ಮತವೂ ಇದೆ, ನಿವೃತ್ತರಿಗೆ ರಾಜಕೀಯವೂ ಇದೆ

‘ಸೈನಿಕರಿಗೆ ಮತದಾನವಿಲ್ಲ, ನಿವೃತ್ತರೂ ಪಕ್ಷ ಸೇರುವಂತಿಲ್ಲ, ಸೈನಿಕ ಸಮಾಚಾರ ಒಂದು ಪಕ್ಷದ ಪತ್ರಿಕೆ’ ಎಂಬ ಸಂದೇಶ ಮುಂಬಯಿ ಕಡೆಯ ಡೊಂಬಿವಲಿ, ಮಾಟುಂಗದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೂರೂ ತಪ್ಪು.

ಸೇವೆಯಲ್ಲಿರುವವರು ಅಂಚೆ ಮತಪತ್ರದಲ್ಲೋ ಪ್ರಾಕ್ಸಿ (ತಮ್ಮ ಪರವಾಗಿ ಮತ ಹಾಕಲು ನೇಮಿಸಿದವರು) ಮೂಲಕವೋ ಮತ ಹಾಕಬಹುದು. 1954ರ ಸೇನಾ ನಿಯಮಗಳ 20ನೇ ನಿಯಮ ತಡೆಯುವುದು ಪಕ್ಷದ ಸದಸ್ಯತ್ವ, ದೇಣಿಗೆ, ರಾಜಕೀಯ ಸಭೆ, ಉಮೇದುವಾರಿಕೆ ಇಂಥವನ್ನು. ರಾಜಕೀಯವನ್ನೋ ಸೇನೆಯ ವಿಷಯವನ್ನೋ ಪತ್ರಿಕೆಗೆ ಬರೆಯಲು 21ನೇ ನಿಯಮದಂತೆ ಮೊದಲೇ ಅನುಮತಿ ಬೇಕು.

ಸಮವಸ್ತ್ರ ಕಳಚಿದ ಮೇಲೆ ಈ ಕಟ್ಟಿಲ್ಲ. ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಕಾರ್ಯಪ್ಪನವರೇ 1953ರಲ್ಲಿ ನಿವೃತ್ತರಾಗಿ, 1971ರಲ್ಲಿ ಇದೇ ಮುಂಬಯಿಯಿಂದ ಲೋಕಸಭೆಗೆ ನಿಂತಿದ್ದರು. ಸೋತರು, ಆ ಮಾತು ಬೇರೆ.

ಇನ್ನು ‘ಸೈನಿಕ ಸಮಾಚಾರ’: 1909ರಲ್ಲಿ ‘ಫೌಜಿ ಅಖ್ಬಾರ್’ ಆಗಿ ಶುರುವಾದ ಅದನ್ನು ಹೊರತರುವುದು ರಕ್ಷಣಾ ಸಚಿವಾಲಯ.