ಶಿರಸಿಯ ನೆರಳು, ಜೋಧಪುರದ ನೆರಳು

ಶಿರಸಿ ಬಿಟ್ಟು ಜೋಧಪುರ ಸೇರಿ ಹನ್ನೊಂದು ವರ್ಷವಾಯಿತು. ಇಲ್ಲಿ ವರ್ಷವಿಡೀ ಬೀಳುವ ಮಳೆ, ನಮ್ಮಲ್ಲಿ ಜುಲೈನ ಒಂದು ಜೋರು ವಾರಕ್ಕೇ ಮುಗಿದುಹೋದೀತು.

ಇಲ್ಲಿನ ಒಣಪ್ರದೇಶದ ಕೃಷಿ ಸಂಶೋಧನಾ ಸಂಸ್ಥೆ ಕಾಜ್ರಿಯಲ್ಲಿ 105 ಕಿಲೋವ್ಯಾಟ್‌ನ ಸೋಲಾರ್ ಪ್ಯಾನೆಲ್ ಸಾಲುಗಳ ನಡುವೆ ಹೆಸರು, ಮಡಿಕೆ ಕಾಳು, ಜೀರಿಗೆ ಬೆಳೆದಿದ್ದಾರೆ. ಪ್ಯಾನೆಲ್ ಮೇಲೆ ಬಿದ್ದ ಮಳೆನೀರೂ ಪೋಲಾಗುವುದಿಲ್ಲ. ನಾವು ಅಡಿಕೆ ದಬ್ಬೆ ಇಟ್ಟು ಸೂರಿನ ನೀರು ಹಿಡಿಯುತ್ತೇವಲ್ಲ, ಹಾಗೆ ಹಿಡಿದು ಟ್ಯಾಂಕಿಗೆ ಬಿಡುತ್ತಾರೆ. ಪ್ಯಾನೆಲ್ ತೊಳೆಯುವುದಕ್ಕೂ ಬೆಳೆಗೂ ಅದೇ ನೀರು. ತೊಳೆಯದೆ ವಿಧಿಯಿಲ್ಲ, ಮರಳುಗಾಳಿ ಬೀಸಿದ ಮರುದಿನ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.

ದೀಪಾವಳಿಗೆ ಹೋದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಬಣ್ಣಿಸಿದೆ. ಎಳೆ ಅಡಿಕೆ ಮರಕ್ಕೆ ನೈರುತ್ಯದ ಬಿಸಿಲು ಹೊಡೆಯದಂತೆ ಸೋಗೆ ಕಟ್ಟುತ್ತಿದ್ದ. ತಿರುಗಿಯೂ ನೋಡಲಿಲ್ಲ.

“ಅದ್ರಲ್ಲಿ ಎಂತ ಹೊಸಾದು ತಮಾ? ಅಡಿಕೆ ಕೆಳಗೆ ಬಾಳೆ, ಬಾಳೆ ಕೆಳಗೆ ಏಲಕ್ಕಿ, ಮರಕ್ಕೆ ಮೆಣಸಿನ ಬಳ್ಳಿ.”

ಮಾತು ನಿಜ, ಆದರೆ ಅರ್ಧ. ನಮ್ಮ ತೋಟದ ನೆರಳು ನೀರು ಕುಡಿದು ಬೆಳೆದದ್ದು. ಜೋಧಪುರದ ನೆರಳು ನೀರು ಉಳಿಸುತ್ತದೆ, ನೆಲದ ಪಸೆ ಬೇಗ ಆರುವುದಿಲ್ಲ. ಬೆಳೆಯಿಂದ ಪ್ಯಾನೆಲ್‌ಗೂ ಲಾಭವಿದೆ. ಪ್ಯಾನೆಲ್ ಕಾವು 25 ಡಿಗ್ರಿ ದಾಟಿದರೆ, ಒಂದೊಂದು ಡಿಗ್ರಿಗೂ ವಿದ್ಯುತ್ ಸುಮಾರು ಶೇ. 0.4ರಷ್ಟು ಇಳಿಯುತ್ತದೆ. ಕೆಳಗೆ ಹಸಿರಿದ್ದರೆ ಸ್ವಲ್ಪ ತಂಪು. ಸಜ್ಜೆಯಂಥ ಎತ್ತರದ ಬೆಳೆ ಮಾತ್ರ ಬೇಡ, ಪ್ಯಾನೆಲ್‌ಗೇ ಅಡ್ಡ ಬರುತ್ತದೆ.

ಇದನ್ನು ಶಿರಸಿಗೆ ತರುವ ಹುಚ್ಚು ನನಗಿಲ್ಲ. ಮಳೆಗಾಲ ಪೂರ್ತಿ ಮೋಡ, ತೋಟದಲ್ಲಿ ಮೊದಲೇ ನೆರಳು ಜಾಸ್ತಿ. ಬೇಕಿದ್ದರೆ ಮನೆಯ ಮಾಡಿನ ಮೇಲೆ ಹಾಕಿಕೊಳ್ಳೋಣ. ನನ್ನ ಕಣ್ಣಿರುವುದು ಪಾವಗಡದ ಮೇಲೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಭೂಮಿ ಬಾಡಿಗೆಗೆ ಪಡೆದರು. ಜಮೀನಿದ್ದವರಿಗೆ ಸರಿ. ಶೇಂಗಾ ಕೀಳಲು ಹೋಗುತ್ತಿದ್ದ ಕೂಲಿಯವರಿಗೆ ಯಾರು ಬಾಡಿಗೆ ಕೊಡುತ್ತಾರೆ? ಶೇಂಗಾ ಗಿಡವೇನು ಪ್ಯಾನೆಲ್ ಮುಟ್ಟುವಷ್ಟು ಬೆಳೆಯುತ್ತದೆಯೇ? ಇನ್ನು ಮುಂದಿನ ಪಾರ್ಕುಗಳಲ್ಲಾದರೂ ಕಂಬ ಹುಗಿಯುವ ಮೊದಲೇ ಸಾಲಿನ ಅಂತರ, ಎತ್ತರ ಯೋಚಿಸಬೇಕು. ಹುಗಿದ ಮೇಲೆ ಸುಮ್ನೆ ಮಾತಾಡಿ ಏನೂ ಆಗದು.

ಅಪ್ಪಯ್ಯ ಸೋಗೆಯ ಕಟ್ಟು ಬಿಗಿದು ಕಡೆಗೆ ಕೇಳಿದ್ದು ಒಂದೇ: “ಆ ಪ್ಯಾನೆಲ್ ಮೇಲೆ ಮಂಗ ಕುಣಿತಿಲ್ಯಾ?”

ಅಲ್ಲಿ ಬೆಳೆ ಮೇಯುವ ನೀಲ್‌ಗಾಯ್ ಎಂಬ ದೊಡ್ಡ ಹುಲ್ಲೆಯ ಕಾಟ ಎಂದೆ. ಅವನಿಗೆ ಸಮಾಧಾನವಾದಂತೆ ಕಂಡಿತು.